ಬಾನ ಕೆರೆಯ ನೀರುಗಂಟಿಗಳು

ಹಳೆಯ ಮೈಸೂರಿನ ಹಳ್ಳಿಗಳಲ್ಲಿ ನೀರುಗಂಟಿ ಎಂಬೊಬ್ಬನಿರುತ್ತಿದ್ದ. ಊರಿನ ಆಯಗಾರರಲ್ಲಿ ಅವನೂ ಒಬ್ಬ. ಕೆರೆಯ ತೂಬನ್ನು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕೆಂದು ನೋಡಿಕೊಳ್ಳುವುದು, ಕಾಲುವೆ ಒಡೆಯದಂತೆ ರಾತ್ರಿಯೆಲ್ಲ ಕಾಯುವುದು ಅವನ ಕೆಲಸ. ಸುಗ್ಗಿಯ ಕಾಲದಲ್ಲಿ ಕಣಕಣದಿಂದಲೂ ಅವನಿಗೆ ಇಷ್ಟು ಧಾನ್ಯವೆಂದು ಸಲ್ಲುತ್ತಿತ್ತು. ನೀರು ಸರಿಯಾಗಿ ಬಂದ ದಿನ ಅವನನ್ನು ಯಾರೂ ನೆನೆಯುತ್ತಿರಲಿಲ್ಲ. ಬಾರದ ದಿನ ಊರಿಗೆ ಊರೇ ಅವನ ಹೆಸರು ಹಿಡಿದು ಕೂಗುತ್ತಿತ್ತು.

ಬೆಂಗಳೂರಿನ ದಕ್ಷಿಣ ಭಾಗವೆಲ್ಲ ಒಂದು ಕಾಲಕ್ಕೆ ಇಂಥ ಕೆರೆಗಳ ನಾಡಾಗಿದ್ದಿತು. ಯಡಿಯೂರು, ಸಾರಕ್ಕಿ, ಮಡಿವಾಳದ ಕೆರೆಗಳು ಈಗಲೂ ಉಳಿದಿವೆ. ಬಿ.ಟಿ.ಎಂ. ಎಂಬ ಮೂರಕ್ಷರಗಳನ್ನು ಬಿಡಿಸಿದರೆ ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳು ಕಾಣುತ್ತವೆ. ಒಂದರ ಹೆಸರಿನಲ್ಲಿ ಕೆರೆಯೇ ಇದೆ, ಇನ್ನೊಂದರಲ್ಲಿ ಸಮುದ್ರವು ಸವೆದು ಸಂದ್ರವಾಗಿ ನಿಂತಿದೆ. ಗದ್ದೆಗಳು ನಿವೇಶನಗಳಾದ ಮೇಲೆ ತೂಬಿಗೆ ಕೆಲಸವಿಲ್ಲವಾಯಿತು. ನೀರುಗಂಟಿ ನಿಘಂಟಿಗೆ ಸೇರಿದ. ಆದರೆ ಅವನ ವೃತ್ತಿ ಇದೇ ಬಡಾವಣೆಗಳಲ್ಲಿ ಬೇರೊಂದು ವೇಷದಲ್ಲಿ ನಡೆದುಕೊಂಡು ಬಂದಿದೆಯೆಂಬುದು ನನಗೆ ಹೊಳೆದದ್ದು ಇತ್ತೀಚೆಗೆ, ಅದೂ ಮನೆಯ ಟೆಲಿವಿಷನ್ನಿನ ದೆಸೆಯಿಂದ.

ಮಾರ್ಚ್ ತಿಂಗಳ ನಡುವಿನಲ್ಲಿ ಒಂದು ದಿನ, ಮಧ್ಯಾಹ್ನ ಒಂದು ಗಂಟೆ ದಾಟಿದ ಮೇಲೆ, ನಮ್ಮ ತಾಯಿಯವರು ನೋಡುತ್ತಿದ್ದ ಧಾರಾವಾಹಿಯ ಚಿತ್ರ ಚೌಕಚೌಕವಾಗಿ ಒಡೆದು ನಿಂತುಹೋಯಿತು. ಕೆಲವು ನಿಮಿಷಗಳಲ್ಲಿ ತಾನಾಗಿಯೇ ಸರಿಹೋಯಿತು. ಮಾರನೆಯ ದಿನವೂ ಅದೇ ಹೊತ್ತಿಗೆ ಅದೇ ಅವಾಂತರ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೇಬಲ್ ಸಂಸ್ಥೆಯೊಂದರ ಹೆಡ್‌ಎಂಡಿನಲ್ಲಿ ಕೆಲಸಕ್ಕಿದ್ದಾನೆ. ಅವನಿಗೆ ಫೋನು ಮಾಡಿ ದೂರು ಹೇಳಿದೆ. ಅವನು ನಕ್ಕು, “ತಪ್ಪು ನಮ್ಮದಲ್ಲ ಸಾರ್, ಸೂರ್ಯನದು. ನಾಳೆ ಮಧ್ಯಾಹ್ನ ಬನ್ನಿ, ತೋರಿಸುತ್ತೇನೆ” ಎಂದ.

ಜೆ.ಪಿ. ನಗರವನ್ನು ದಾಟಿ ಕನಕಪುರ ರಸ್ತೆಯ ಕಡೆಗಿರುವ ಆ ಕಟ್ಟಡದ ತಾರಸಿಯನ್ನು ಹತ್ತಿದಾಗ ಹತ್ತಾರು ಡಿಶ್ಶುಗಳು ಸಾಲಾಗಿ ನಿಂತು ಮುಗಿಲಿಗೆ ಮುಖವೆತ್ತಿದ್ದುವು. ಹೀಗೆ ನೆತ್ತಿಯತ್ತ ನೋಡುವುದು ನಮ್ಮ ಊರಿನ ಭಾಗ್ಯ. ಇವು ಹಿಡಿಯಬೇಕಾದ ಉಪಗ್ರಹಗಳೆಲ್ಲ ಭೂಮಧ್ಯರೇಖೆಯ ಮೇಲೆ ೩೫,೭೮೬ ಕಿಲೋಮೀಟರ್ ಎತ್ತರದಲ್ಲಿ, ಭೂಮಿಯ ಸುತ್ತಿಗೆ ಸರಿಸಮನಾಗಿ ಸುತ್ತುತ್ತ, ನಮ್ಮ ಕಣ್ಣಿಗೆ ನಿಂತಂತೆ ಇರುವುವು. ಬೆಂಗಳೂರು ಭೂಮಧ್ಯರೇಖೆಗೆ ಕೇವಲ ೧೩ ಡಿಗ್ರಿ ಉತ್ತರದಲ್ಲಿರುವುದರಿಂದ, ೮೩ ಡಿಗ್ರಿ ಪೂರ್ವದ ಭಾರತೀಯ ಉಪಗ್ರಹವನ್ನು ನೋಡಲು ಡಿಶ್ಶು ದಿಗಂತದಿಂದ ಸುಮಾರು ೭೩ ಡಿಗ್ರಿ ತಲೆಯೆತ್ತಬೇಕು. ೬೬ ಡಿಗ್ರಿ ಪೂರ್ವದ್ದನ್ನು ನೋಡಲು ಕೊಂಚ ಪಶ್ಚಿಮಕ್ಕೆ ತಿರುಗಿ ಸುಮಾರು ೭೦ ಡಿಗ್ರಿ. ಯೂರೋಪಿನ ಊರುಗಳಲ್ಲಾದರೆ ಇವೇ ಡಿಶ್ಶುಗಳು ನೆರೆಮನೆಯನ್ನು ಇಣಿಕಿ ನೋಡುವಂತೆ ಬಾಗಿರುತ್ತವೆ.

“ಈಗ ನೋಡಿ ಸಾರ್” ಎಂದು ಅವನು ಪಶ್ಚಿಮದ ಕಡೆಗಿದ್ದ ಡಿಶ್ಶನ್ನು ತೋರಿಸಿದ. ಡಿಶ್ಶಿನ ಮುಂದೆ ಮೂರು ಕಾಲುಗಳ ಮೇಲೆ ನಿಂತ ಸಣ್ಣ ಪೆಟ್ಟಿಗೆಯ ನೆರಳು ನಿಧಾನವಾಗಿ ಸರಿಯುತ್ತ ಬಂದು ಡಿಶ್ಶಿನ ನಟ್ಟನಡುವೆ ನಿಂತಿತು. ಸೂರ್ಯ ಈಗ ಉಪಗ್ರಹದ ಬೆನ್ನ ಹಿಂದೆ, ಅದೇ ಗೆರೆಯಲ್ಲಿ ಬಂದಿದ್ದಾನೆ. ಉಪಗ್ರಹದ ಪ್ರೇಷಕದ ಶಕ್ತಿಯೋ ಕೆಲವು ಹತ್ತು ವಾಟ್‌ಗಳದು. ಸೂರ್ಯನ ಅಬ್ಬರದೆದುರು ಅದರ ಪಿಸುಮಾತು ಕೇಳಿಸುವುದುಂಟೇ? ವಿಷುವದ ಆಸುಪಾಸಿನಲ್ಲಿ, ಮಾರ್ಚ್ ನಡುವಿನಲ್ಲೊಮ್ಮೆ, ಸೆಪ್ಟೆಂಬರ್ ಕೊನೆಯಲ್ಲೊಮ್ಮೆ, ಕೆಲವು ದಿನಗಳ ಕಾಲ, ದಿನಕ್ಕೆ ಕೆಲವು ನಿಮಿಷ ಹೀಗಾಗುತ್ತದೆ. ಮನುಷ್ಯನು ಕಟ್ಟಿದ ಕೃತಕ ಗ್ರಹಕ್ಕೂ ಒಂದು ಗ್ರಹಣ! ಪಂಚಾಂಗದವರಂತೆ ಇವರೂ ಅದರ ವೇಳೆಯನ್ನು ಮೊದಲೇ ಲೆಕ್ಕ ಹಾಕಿ ಬರೆದಿಟ್ಟುಕೊಳ್ಳುತ್ತಾರೆ.

ಡಿಶ್ಶನ್ನು ನಿಲ್ಲಿಸುವುದೇ ಒಂದು ಕೆಲಸ. ಕಾಂಕ್ರೀಟಿನಲ್ಲಿ ನೆಟ್ಟ ಕಂಬ ತೂಕಗುಂಡಿಗೆ ಸರಿಯಾಗಿ ನೆಟ್ಟಗಿರಬೇಕು. ಅದು ಓರೆಯಾದರೆ ಮೇಲಿನ ಲೆಕ್ಕವೆಲ್ಲ ಓರೆ. ದಿಕ್ಸೂಚಿಯಿಂದ ದಿಕ್ಕನ್ನೂ ಕೋನಮಾಪಕದಿಂದ ಎತ್ತರವನ್ನೂ ಹಿಡಿದು, ಕೈಯಲ್ಲಿ ಮೀಟರು ಇಟ್ಟುಕೊಂಡು, ಕೂದಲೆಳೆಯಷ್ಟು ತಿರುಗಿಸುತ್ತ ಹೋಗಬೇಕು. ಪಕ್ಕದ ಉಪಗ್ರಹ ಎರಡು ಮೂರು ಡಿಗ್ರಿಯಷ್ಟೇ ದೂರದಲ್ಲಿರುವುದರಿಂದ ಅರ್ಧ ಡಿಗ್ರಿಯ ತಪ್ಪೂ ದೊಡ್ಡ ತಪ್ಪೇ. ಅಲೆಗಳು ಕೆಲವು ಅಡ್ಡಡ್ಡವಾಗಿ, ಕೆಲವು ಉದ್ದುದ್ದವಾಗಿ ಕಂಪಿಸುತ್ತ ಬರುತ್ತವೆ; ಅವನ್ನು ಬೇರೆಬೇರೆಯಾಗಿ ಹಿಡಿಯಲು ಆ ಸಣ್ಣ ಪೆಟ್ಟಿಗೆಯನ್ನು ಅದರ ಅಚ್ಚಿನ ಮೇಲೆ ತಿರುಗಿಸಿ ಹೊಂದಿಸಬೇಕು.

ಆ ಪೆಟ್ಟಿಗೆಗೆ ಎಲ್.ಎನ್.ಬಿ. ಎಂದು ಹೆಸರು. ಬಾನಿನಿಂದ ಬರುವ ಅಲೆಗಳ ಆವರ್ತನ ೩,೭೦೦ರಿಂದ ೪,೨೦೦ ಮೆಗಾಹರ್ಟ್ಸ್. ಇಷ್ಟು ಚುರುಕಾದ ಅಲೆ ತಂತಿಯಲ್ಲಿ ಹತ್ತು ಮಾರು ಹೋಗುವುದರೊಳಗೆ ಬಳಲುತ್ತದೆ. ಆದುದರಿಂದ ಪೆಟ್ಟಿಗೆಯೊಳಗೆ ೫,೧೫೦ ಮೆಗಾಹರ್ಟ್ಸಿನ ಇನ್ನೊಂದು ಅಲೆಯನ್ನು ಹುಟ್ಟಿಸಿ, ಅದರೊಡನೆ ಬೆರೆಸಿ, ಎರಡರ ವ್ಯತ್ಯಾಸವನ್ನು ಮಾತ್ರ ಕೆಳಕ್ಕೆ ಕಳುಹಿಸುತ್ತಾರೆ. ೫,೧೫೦ರಲ್ಲಿ ೪,೨೦೦ ಕಳೆದರೆ ೯೫೦. ೩,೭೦೦ ಕಳೆದರೆ ೧,೪೫೦. ಕೆಳಗಿನ ಕೋಣೆಗೆ ಇಳಿಯುವುದು ಈ ೯೫೦ರಿಂದ ೧,೪೫೦ರವರೆಗಿನ ಸಾಧುವಾದ ಅಲೆ. ಶಾಲೆಯ ಹುಡುಗನ ಕಳೆಯುವ ಲೆಕ್ಕದ ಮೇಲೆ ಇಷ್ಟು ದೊಡ್ಡ ವ್ಯವಹಾರ ನಿಂತಿದೆ!

ಕೆಳಗಿನ ಕೋಣೆಯಲ್ಲಿ ಮಾತು ಕೇಳಿಸದಷ್ಟು ಗಾಳಿಯಂತ್ರಗಳ ಸದ್ದು, ಹೊದೆಯಲು ಶಾಲು ಬೇಕೆನ್ನಿಸುವಷ್ಟು ಚಳಿ. ಆಳೆತ್ತರದ ಕಬ್ಬಿಣದ ಚೌಕಟ್ಟುಗಳಲ್ಲಿ ಯಂತ್ರಗಳು ಹಲಗೆಯ ಮೇಲಿನ ಪುಸ್ತಕಗಳಂತೆ ಜೋಡಿಸಲ್ಪಟ್ಟಿದ್ದುವು. ಮೊದಲ ಸಾಲಿನವು ರಿಸೀವರುಗಳು. ಒಂದೊಂದು ವಾಹಿನಿಯವರೂ ತಮ್ಮ ಕಾರ್ಯಕ್ರಮಕ್ಕೆ ಬೀಗ ಹಾಕಿಯೇ ಬಾನಿಗೆ ಏರಿಸಿರುತ್ತಾರೆ. ಅವರೇ ಕೊಟ್ಟ ಕಾರ್ಡನ್ನು ಇಟ್ಟು ಇಲ್ಲಿ ಆ ಬೀಗ ತೆಗೆಯಬೇಕು. ಮುಂದಿನವು ಎನ್‌ಕೋಡರುಗಳು. ಸಾಧಾರಣ ಟೆಲಿವಿಷನ್ ಚಿತ್ರವನ್ನು ಇದ್ದಂತೆಯೇ ಅಂಕಿಗಳಾಗಿ ಬರೆದರೆ ಸೆಕೆಂಡಿಗೆ ೨೭೦ ಮೆಗಾಬಿಟ್ಟುಗಳಾಗುತ್ತವೆ. ಎನ್‌ಕೋಡರು ಅದನ್ನು ಎರಡರ ಸುಮಾರಿಗೆ ಇಳಿಸುತ್ತದೆ. ಹೇಗೆಂದರೆ, ಒಂದು ಚಿತ್ರಕ್ಕೂ ಅದರ ಮುಂದಿನದಕ್ಕೂ ಬದಲಾಗಿರುವುದನ್ನು ಮಾತ್ರ ಹೇಳಿ, ಬದಲಾಗದ್ದನ್ನು ನೋಡುವವನ ನೆನಪಿಗೇ ಬಿಡುತ್ತದೆ. ಸೂತ್ರಕಾರರು ಹಿಂದಿನ ಸೂತ್ರದ ಪದವನ್ನು ಮುಂದಿನ ಸೂತ್ರಕ್ಕೆ ಅನುವೃತ್ತಿಯಾಗಿ ತಂದುಕೊಳ್ಳುವರಲ್ಲವೇ, ಅದೇ ಮಿತವ್ಯಯ.

ಹೀಗೆ ಕುಗ್ಗಿದ ಹದಿನೈದಿಪ್ಪತ್ತು ವಾಹಿನಿಗಳನ್ನು ಮಲ್ಟಿಪ್ಲೆಕ್ಸರೆಂಬ ಯಂತ್ರ ಒಂದೇ ಹುರಿಯಾಗಿ ಹೊಸೆಯುತ್ತದೆ. ಹುರಿಗೆ ಮತ್ತೆ ಬೀಗ ಬೀಳುತ್ತದೆ. ಮಾಡ್ಯುಲೇಟರು ಅದನ್ನು ೮ ಮೆಗಾಹರ್ಟ್ಸ್ ಅಗಲದ ಒಂದು ಓಣಿಯಲ್ಲಿ ಕೂರಿಸುತ್ತದೆ. ಹಳೆಯ ಕ್ರಮದಲ್ಲಿ ಹೆಚ್ಚುಕಡಮೆ ಇಷ್ಟೇ ಅಗಲದ ಓಣಿಯಲ್ಲಿ ಒಂದೇ ಒಂದು ವಾಹಿನಿ ಹೋಗುತ್ತಿತ್ತು. ಈಗ ಸೆಕೆಂಡಿಗೆ ೩೮ ಮೆಗಾಬಿಟ್ಟುಗಳು ಅದೇ ಓಣಿಯಲ್ಲಿ ಹರಿಯುತ್ತವೆ. ಇಂಥ ಹಲವು ಓಣಿಗಳನ್ನು ಕೂಡಿಸಿ, ಬೆಳಕಾಗಿ ಮಾರ್ಪಡಿಸಿ, ಗಾಜಿನ ಎಳೆಯಲ್ಲಿ ಜಯನಗರಕ್ಕೆ, ಬನಶಂಕರಿಗೆ, ಬಿ.ಟಿ.ಎಂ. ಬಡಾವಣೆಗೆ ಅಟ್ಟುತ್ತಾರೆ. ಅಲ್ಲಿ ಬೀದಿಯ ಮೂಲೆಯ ಪೆಟ್ಟಿಗೆಯಲ್ಲಿ ಬೆಳಕು ಮತ್ತೆ ವಿದ್ಯುತ್ತಾಗಿ, ಕಪ್ಪು ತಂತಿ ಹಿಡಿದು, ಕಂಬದಿಂದ ಕಂಬಕ್ಕೆ, ಮರದಿಂದ ಮರಕ್ಕೆ ನೆಗೆಯುತ್ತ, ನಮ್ಮ ಮನೆಯ ಡಬ್ಬವನ್ನು ಸೇರುತ್ತದೆ. ಬಾನು ಕೆರೆಯಾದರೆ ಈ ಕೋಣೆಯೇ ತೂಬು; ಗಾಜಿನ ಎಳೆ ಕಾಲುವೆ; ಕಪ್ಪು ತಂತಿ ಗದ್ದೆಯಂಚಿನ ಕಿರುಗಾಲುವೆ.

ಬೀಗದ ಸಂಗತಿ ಸೋಜಿಗದ್ದು. ಅದರ ಕೀಲಿ ಸುಮಾರು ಹತ್ತು ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಹೊಸ ಕೀಲಿಯೂ ಚಿತ್ರದೊಡನೆಯೇ ಗುಟ್ಟಾಗಿ ಬರುತ್ತದೆ. ಅದನ್ನು ಬಳಸಲು ಯಾವ ಮನೆಯ ಡಬ್ಬಕ್ಕೆ ಅಪ್ಪಣೆಯಿದೆಯೆಂಬ ಆಜ್ಞೆಗಳು ಬೇರೆಯಾಗಿ ಇದೇ ತಂತಿಯಲ್ಲಿ ಬರುತ್ತವೆ. ನಾವು ಹಣ ಕಟ್ಟಿ, ಡಬ್ಬವನ್ನು ಆರಿಸಿ ಮಲಗಿದರೆ ಆಜ್ಞೆ ಬಂದು ಬಾಗಿಲು ತಟ್ಟಿ ಹಿಂದಿರುಗುತ್ತದೆ. “ಡಬ್ಬ ಹಾಕಿಯೇ ಇರಲಿ ಸಾರ್, ಅರ್ಧ ಗಂಟೆಯಲ್ಲಿ ಬರುತ್ತದೆ” ಎಂದು ಫೋನಿನಲ್ಲಿ ಹೇಳುವ ಮಾತು ಕೇವಲ ಸಮಾಧಾನದ ಮಾತೆಂದು ನಾನು ತಿಳಿದಿದ್ದೆ; ಅದರಲ್ಲಿ ಇಷ್ಟು ಅರ್ಥವಿದ್ದಿತು.

ಇವೆಲ್ಲಕ್ಕಿಂತಲೂ ಅವನು ಹೆದರುವುದು ಒಂದು ಪಟ್ಟಿಗೆ. ಯಾವ ವಾಹಿನಿ ಯಾವ ಓಣಿಯಲ್ಲಿದೆ, ಅದರ ಕ್ರಮಸಂಖ್ಯೆ ಎಷ್ಟು ಎಂಬ ಪಟ್ಟಿಯೂ ಚಿತ್ರಗಳೊಡನೆ ಸದಾ ಹರಿಯುತ್ತಿರುತ್ತದೆ. ಡಬ್ಬಗಳೆಲ್ಲ ಅದನ್ನು ಓದಿಯೇ ನಡೆಯುತ್ತವೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ರಾತ್ರಿ ಅವನು ಅದರಲ್ಲಿ ಒಂದು ಅಂಕಿಯನ್ನು ತಪ್ಪಾಗಿ ಒತ್ತಿದನಂತೆ. ಬೆಳಗಾಗುವುದರೊಳಗೆ ಡಬ್ಬಗಳು ನಂಬಿಕೆಯಿಂದ ಆ ತಪ್ಪನ್ನೇ ಕಲಿತುಬಿಟ್ಟಿದ್ದುವು. ಹದಿನೈದು ವಾಹಿನಿಗಳು ಸಾವಿರಾರು ಮನೆಗಳಲ್ಲಿ ಕಾಣೆಯಾಗಿದ್ದುವು. ಓಲೆಗರಿಯ ಲಿಪಿಕಾರನ ಕೈತಪ್ಪು ನಾಲ್ಕು ಪ್ರತಿಗಳಿಗೆ ಹಬ್ಬಲು ನಾಲ್ಕು ತಲೆಮಾರು ಬೇಕಾಗುತ್ತಿತ್ತು. ಇಲ್ಲಿ ಒಂದು ರಾತ್ರಿ ಸಾಕು.

ಇವನಿಗೆ ಈ ವಿದ್ಯೆಯ ಮೊದಲ ಪಾಠ ಹೇಳಿದವರು ನಮ್ಮ ಬೀದಿಯ ಹಿರಿಯರೊಬ್ಬರು. ಅವರ ಕಥೆ ಹೇಳದೆ ಇವನದು ಪೂರ್ತಿಯಾಗದು. ಕನ್ನಡ ನಾಡಿಗೆ ಟೆಲಿವಿಷನ್ ಬಾನಿನಿಂದಲೇ ಇಳಿದು ಬಂದಿತೆಂಬುದನ್ನು ಬಹುಮಂದಿ ಮರೆತಿದ್ದಾರೆ. ೧೯೭೫ರ ಆಗಸ್ಟಿನಿಂದ ಒಂದು ವರ್ಷ ಕಾಲ, ಅಮೆರಿಕದಿಂದ ಎರವಲು ಪಡೆದ ಎ.ಟಿ.ಎಸ್.-೬ ಉಪಗ್ರಹದ ಮೂಲಕ ಆರು ರಾಜ್ಯಗಳ ಹಳ್ಳಿಗಳಿಗೆ ಶಿಕ್ಷಣದ ಕಾರ್ಯಕ್ರಮಗಳು ಬಂದುವು. ನಮ್ಮಲ್ಲಿ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು ಕೋಳಿಗೂಡಿನ ಬಲೆಯಿಂದ ಮಾಡಿದ ಡಿಶ್ಶಿನಲ್ಲಿ ಕನ್ನಡವನ್ನು ಹಿಡಿದುವು. ಬೆಂಗಳೂರಿಗೆ ದೂರದರ್ಶನ ಬಂದುದು ೧೯೮೧ರಲ್ಲಿ. ೧೯೯೧ರ ಕೊಲ್ಲಿ ಯುದ್ಧದ ಹೊತ್ತಿಗೆ ಹೊರದೇಶದ ವಾಹಿನಿಗಳ ಸುದ್ದಿ ನಗರಗಳಲ್ಲಿ ಹಬ್ಬಿ, ತಾರಸಿತಾರಸಿಯ ಮೇಲೆ ಡಿಶ್ಶು ಏಳತೊಡಗಿದುವು. ಬನಶಂಕರಿ ಎರಡನೆಯ ಹಂತದ ನಮ್ಮ ಬೀದಿಯಲ್ಲಿ ರೇಡಿಯೋ ರಿಪೇರಿ ಮಾಡುತ್ತಿದ್ದ ಆ ಹಿರಿಯರು ಡಿಶ್ಶು ನಿಲ್ಲಿಸಿದ ದಿನ, ಹುಡುಗರಾಗಿದ್ದ ನಾವೆಲ್ಲ ಹಗ್ಗ ಹಿಡಿಯಲು ಹೋಗಿದ್ದೆವು. ೧೯೯೪ರಲ್ಲಿ ಉದಯ ವಾಹಿನಿ ಬಂದಾಗ, ಕನ್ನಡವೇ ಬಾನಿನಿಂದ ಬರುವುದನ್ನು ನೋಡಲು ಅವರ ಮೆಟ್ಟಿಲಿನ ಕೆಳಗಿನ ಕೋಣೆಯ ಬಾಗಿಲಲ್ಲಿ ಗುಂಪು ನೆರೆದಿತ್ತು. ಆ ಕೋಣೆಗೆ ಹೆಡ್‌ಎಂಡ್ ಎಂಬ ಹೆಸರು ಪುಸ್ತಕದಲ್ಲಿದ್ದೀತು. ಬೀದಿಯಲ್ಲಿ ಅದು ಕಂಟ್ರೋಲ್ ರೂಮು.

ಅವರು ನಿಜವಾಗಿಯೂ ನೀರುಗಂಟಿಯೇ. ಯಾರ ಮನೆಯ ತಂತಿಯನ್ನು ಅಳಿಲು ಕಡಿಯುತ್ತದೆ, ಯಾವ ತಿರುವಿನಲ್ಲಿ ಸಿಗ್ನಲ್ಲು ಸೊರಗುತ್ತದೆ ಎಂಬುದೆಲ್ಲ ಅವರಿಗೆ ಬಾಯಿಪಾಠ. ಪರೀಕ್ಷೆಯ ಕಾಲದಲ್ಲಿ ತಾಯಂದಿರು ಬಂದು, “ರಾತ್ರಿ ಸಿನಿಮಾ ಹಾಕಬೇಡಿ” ಎಂದರೆ ಹಾಕುತ್ತಿರಲಿಲ್ಲ. ಅವರದೇ ಒಂದು ವಾಹಿನಿಯೂ ಇದ್ದಿತು: ಗಣಪತಿ ಉತ್ಸವ, ಬಡಾವಣೆಯ ರಾಜ್ಯೋತ್ಸವ, ಶಾಲೆಯ ವಾರ್ಷಿಕೋತ್ಸವದ ನಾಟಕ, ಎಲ್ಲವೂ ಅದರಲ್ಲಿ ಬರುತ್ತಿದ್ದುವು. ನಾನು ಮೊದಲ ಬಾರಿಗೆ ಕನ್ನಡ ಪದ್ಯ ಓದಿದ್ದನ್ನು ಬೀದಿಯವರು ಕಂಡದ್ದು ಅಲ್ಲಿಯೇ.

ಆದರೆ ಹಳೆಯ ಕ್ರಮದಲ್ಲಿ ಕುಂದುಗಳೂ ಇದ್ದುವು. ಅವನ್ನು ಮುಚ್ಚಿಡುವುದು ಸಲ್ಲದು. ದೂರದ ಮನೆಗಳಲ್ಲಿ ಚಿತ್ರಕ್ಕಿಂತ ಚುಕ್ಕೆಗಳ ಮಳೆಯೇ ಹೆಚ್ಚು. ಎಷ್ಟು ಮನೆಗಳಿಗೆ ಸಂಪರ್ಕವಿದೆಯೆಂಬ ನಿಜವಾದ ಲೆಕ್ಕ ಯಾರಿಗೂ ಸಿಗುತ್ತಿರಲಿಲ್ಲ. ಕೇಬಲ್ ಕಾಯಿದೆ ಬಂದದ್ದು ೧೯೯೫ರಲ್ಲಿ. ೨೦೧೧ರಲ್ಲಿ ಅದಕ್ಕೆ ತಿದ್ದುಪಡಿಯಾಗಿ, ಸಂಕೇತಗಳೆಲ್ಲ ಅಂಕೀಯವಾಗಬೇಕು, ಬೀಗದೊಡನೆಯೇ ಬರಬೇಕು ಎಂದಾಯಿತು. ಬೆಂಗಳೂರು, ಮೈಸೂರುಗಳು ಎರಡನೆಯ ಘಟ್ಟದಲ್ಲಿದ್ದುವು. ಗಡುವು ೨೦೧೩ರ ಮಾರ್ಚ್ ೩೧. ಚುಕ್ಕೆಗಳ ಮಳೆ ನಿಂತಿತು. ೨೦೧೯ರ ಫೆಬ್ರವರಿಯಿಂದ ಬೇಕಾದ ವಾಹಿನಿಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳುವ ಕ್ರಮವೂ ಬಂದಿತು. ಇದು ಲಾಭವೇ.

ನಷ್ಟವಾದುದು ಬೇರೆ. ಎನ್‌ಕೋಡರು, ಮಲ್ಟಿಪ್ಲೆಕ್ಸರು, ಬೀಗದ ವ್ಯವಸ್ಥೆ ಇವುಗಳನ್ನೆಲ್ಲ ಕೊಳ್ಳುವ ಶಕ್ತಿ ಮೆಟ್ಟಿಲಿನ ಕೆಳಗಿನ ಕೋಣೆಗೆ ಎಲ್ಲಿಂದ ಬರಬೇಕು? ಬಡಾವಣೆಯ ಕಂಟ್ರೋಲ್ ರೂಮುಗಳು ಒಂದೊಂದಾಗಿ ಮುಚ್ಚಿ, ತೂಬು ದೂರದ ದೊಡ್ಡ ಕಟ್ಟಡಕ್ಕೆ ಹೋಯಿತು. ಬೀಗ ಬಿದ್ದ ಹುರಿಗೆ ಬೀದಿಯವನು ತನ್ನದೊಂದು ಎಳೆಯನ್ನು ಸೇರಿಸುವಂತಿಲ್ಲ. ಸೇರಿಸುವುದಾದರೆ ಹೆಡ್‌ಎಂಡಿನಲ್ಲಿಯೇ ಸೇರಬೇಕು. ಗಣಪತಿ ಉತ್ಸವದ ವಾಹಿನಿ ಅಂದಿಗೆ ನಿಂತಿತು. ಆ ಹಿರಿಯರು ತಂತಿ ನೋಡಿಕೊಳ್ಳುವ, ಹಣ ವಸೂಲು ಮಾಡುವ ಕೆಲಸವನ್ನು ಮಾತ್ರ ಉಳಿಸಿಕೊಂಡರು. ಕಾಲೇಜಿನಲ್ಲಿ ಓದುತ್ತಿದ್ದಾಗ ಸಂಜೆಯ ಹೊತ್ತು ಅವರ ಬಳಿ ಸಹಾಯಕನಾಗಿದ್ದ ನನ್ನ ವಿದ್ಯಾರ್ಥಿ ದೊಡ್ಡ ಕಟ್ಟಡಕ್ಕೆ ಬಂದ. ಈಗ ಅದರ ಆಯುಸ್ಸೂ ಪ್ರಶ್ನೆಯಾಗಿದೆ. ಹಲವು ಸಂಸ್ಥೆಗಳು ಒಂದೇ ಹೆಡ್‌ಎಂಡನ್ನು ಹಂಚಿಕೊಳ್ಳಲು ಅವಕಾಶ ದೊರೆತಿದೆ; ಅನೇಕ ಮನೆಗಳು ಚಿತ್ರಗಳಿಗಾಗಿ ಅಂತರ್ಜಾಲದ ಕಡೆಗೆ ಹೊರಳಿವೆ. “ಇನ್ನೆಷ್ಟು ವರ್ಷವೋ ಸಾರ್” ಎಂದ ಅವನು, ದುಃಖದಿಂದಲ್ಲ, ಹವಾಮಾನದ ಸುದ್ದಿ ಹೇಳುವವನಂತೆ.

ಹೊರಡುವಾಗ ಚೌಕಟ್ಟಿನ ಮೇಲಿದ್ದ ಒಂದು ಉದ್ದನೆಯ ನೋಟ್‌ಪುಸ್ತಕ ಕಣ್ಣಿಗೆ ಬಿದ್ದಿತು. ತೆರೆದು ನೋಡಿದೆ. ಮೊದಲ ನಲವತ್ತು ಪುಟ ಆ ಹಿರಿಯರ ದುಂಡಕ್ಷರ, ಮುಂದಿನದು ಇವನದು. ಎಲ್ಲವೂ ಕನ್ನಡದಲ್ಲಿ. ಹಿರಿಯರು ಬರೆದಿದ್ದರು: ‘ಮಳೆ ನಿಂತ ಮೇಲೆ ಲೆವೆಲ್ಲು ನೋಡು. ಕಡಮೆಯಿದ್ದರೆ ಹೆಚ್ಚಿಸಬೇಡ; ಕನೆಕ್ಟರಿಗೆ ನೀರು ಹೋಗಿದೆಯೇ ನೋಡು. ಸಿಗ್ನಲ್ಲು ಹೆಚ್ಚಾದರೂ ಚಿತ್ರ ಕೆಡುತ್ತದೆ.’ ಇನ್ನೊಂದು ಕಡೆ: ‘ಮೊದಲು ಅರ್ಥಿಂಗು, ಆಮೇಲೆ ಯಂತ್ರ. ಏಪ್ರಿಲ್ ಸಿಡಿಲು ಕೇಳಿಕೊಂಡು ಬರುವುದಿಲ್ಲ.’ ಇವನು ಬರೆದದ್ದು: ‘ಪಟ್ಟಿ ಬದಲಿಸುವ ಮುನ್ನ ಹಳೆಯದರ ಪ್ರತಿ ತೆಗೆದಿಡು. ಬರೆದದ್ದನ್ನು ಇನ್ನೊಬ್ಬರಿಂದ ಓದಿಸು. ಒಂದೇ ಡಬ್ಬದಲ್ಲಿ ಮೊದಲು ನೋಡು.’ ತರಗತಿಯಲ್ಲಿ ಎಷ್ಟು ಹೇಳಿದರೂ ಬಾರದ ಮಿತವಾದ ಗದ್ಯ ಇಲ್ಲಿ ತಾನಾಗಿ ಬಂದಿದ್ದಿತು.

“ಇದನ್ನು ನಾನೊಂದು ಪ್ರತಿ ಮಾಡಿಕೊಳ್ಳಲೇನಪ್ಪ?” ಎಂದೆ.

“ಇದರಲ್ಲಿ ಸಾಹಿತ್ಯ ಏನಿದೆ ಸಾರ್?” ಎಂದು ಅವನು ಸಂಕೋಚದಿಂದ ನಕ್ಕ.

ಅವನಿಗೆ ಅಲ್ಲಿಯೇ ಉತ್ತರ ಹೇಳಲಾಗಲಿಲ್ಲ, ಇಲ್ಲಿ ಹೇಳುತ್ತೇನೆ. ೧೯೩೫ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಅಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಸಣ್ಣ ಬಾನುಲಿ ಕೇಂದ್ರವನ್ನು ತೆರೆದರು. ಅದಕ್ಕಿಟ್ಟ ‘ಆಕಾಶವಾಣಿ’ ಎಂಬ ಹೆಸರನ್ನು ಮುಂದೆ ಇಡೀ ದೇಶವೇ ತನ್ನದಾಗಿಸಿಕೊಂಡಿತು. ಆಗ ಕನ್ನಡದ ವಿದ್ವಾಂಸರೂ ಯಂತ್ರವೂ ಒಂದೇ ಮನೆಯಲ್ಲಿದ್ದರು. ಆದುದರಿಂದ ಯಂತ್ರಕ್ಕೆ ಮಾತು ದೊರೆಯಿತು. ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನಮ್ಮ ತಾರಸಿಗಳ ಮೇಲೆ ನಡೆದ ಈ ಉದ್ಯೋಗಕ್ಕೆ ನಾವು ಕನ್ನಡ ಕಲಿಸುವವರು ಹೆಸರನ್ನೂ ಕೊಡಲಿಲ್ಲ, ಅದರಲ್ಲಿ ಹುಟ್ಟಿದ ಮಾತನ್ನು ಬರೆದುಕೊಳ್ಳಲೂ ಇಲ್ಲ. ಯಂತ್ರದ ವಿಷಯ ಕನ್ನಡದಲ್ಲಿ ಹೇಳಲಾಗದೆಂದು ಸಭೆಗಳಲ್ಲಿ ಚರ್ಚಿಸುತ್ತಿದ್ದಾಗ, ಮೆಟ್ಟಿಲಿನ ಕೆಳಗಿನ ಕೋಣೆಯಲ್ಲಿ ಒಬ್ಬರು ಅದನ್ನು ಹೇಳಿ, ಬರೆದು, ಇನ್ನೊಬ್ಬನಿಗೆ ಕಲಿಸಿಯೂ ಮುಗಿಸಿದ್ದರು.

ಮೊದಲ ನೀರುಗಂಟಿಗೆ ತೂಬನ್ನು ಎಷ್ಟು ಎತ್ತಿದರೆ ಎಷ್ಟು ಗದ್ದೆ ನೆನೆಯುತ್ತದೆಂಬುದು ಗೊತ್ತಿತ್ತು. ಅವನನ್ನು ಯಾರೂ ಕೇಳಲಿಲ್ಲ, ಅವನು ಬರೆದಿಡಲಿಲ್ಲ, ಕೆರೆಯೊಡನೆ ಆ ವಿದ್ಯೆಯೂ ಹೂಳಿನಲ್ಲಿ ಸೇರಿತು. ಎರಡನೆಯವನು ಬರೆದಿಟ್ಟಿದ್ದಾನೆ. ಅಷ್ಟರಮಟ್ಟಿಗೆ ನಮ್ಮ ಕೆಲಸ ಸುಲಭ. ಆ ನೋಟ್‌ಪುಸ್ತಕವನ್ನು ಈಗ ನಮ್ಮ ಕಾಲೇಜಿನ ನಾಲ್ವರು ವಿದ್ಯಾರ್ಥಿಗಳು ಸರದಿಯ ಮೇಲೆ ನಕಲು ಮಾಡುತ್ತಿದ್ದಾರೆ. ಬರೆದದ್ದನ್ನು ಇನ್ನೊಬ್ಬರಿಂದ ಓದಿಸಬೇಕೆಂಬ ಅದರೊಳಗಿನ ನಿಯಮವನ್ನೇ ಅವರಿಗೂ ವಿಧಿಸಿದ್ದೇನೆ.